ನಿದ್ದೆಯಲ್ಲಿ ಉಸಿರಾಡುವವರು ಯಾರು?

ನಮ್ಮ ಯೋಗಗ್ರಂಥಗಳು ಒಂದು ಲೆಕ್ಕ ಕೊಡುತ್ತವೆ. ಮನುಷ್ಯ ಒಂದು ಹಗಲು, ಒಂದು ರಾತ್ರಿಯಲ್ಲಿ 21,600 ಸಲ ಉಸಿರಾಡುತ್ತಾನಂತೆ. ಒಂದೊಂದು ಉಸಿರೂ ಒಂದೊಂದು ಜಪವಂತೆ. ನಾಲಿಗೆ ಆಡಬೇಕಿಲ್ಲ, ಮಣಿ ಎಣಿಸಬೇಕಿಲ್ಲ, ತಾನು ಜಪಿಸುತ್ತಿದ್ದೇನೆಂಬ ಅರಿವೂ ಜಪಿಸುವವನಿಗೆ ಬೇಕಿಲ್ಲ. ಅದಕ್ಕೇ ಇದು ಅಜಪಾ ಜಪ. ಆ ಸಂಖ್ಯೆಯನ್ನು ದಿನದ 1,440 ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ಸರಿಯಾಗಿ 15 ಬರುತ್ತದೆ. ಆರೋಗ್ಯವಂತ ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20 ಎಂದು ಇಂದಿನ ವೈದ್ಯರು ಹೇಳುತ್ತಾರೆ. ಗಡಿಯಾರದ ಮುಳ್ಳಿಲ್ಲದ ಕಾಲದವರ ಎಣಿಕೆ ಆ ಅಳತೆಯೊಳಗೇ ಕೂತಿದೆ.

ಈ 21,600ರಲ್ಲಿ ಮೂರನೇ ಒಂದು ಭಾಗ, ಅಂದರೆ ಸುಮಾರು 7,000 ಉಸಿರು, ನಾವು ನಿದ್ದೆಯಲ್ಲಿದ್ದಾಗ ನಡೆದುಹೋಗುತ್ತದೆ. ಎಚ್ಚರವಿರುವಾಗಿನ ಉಸಿರನ್ನು ನಾನೇ ಆಡುತ್ತಿದ್ದೇನೆ ಎಂದು ಹೇಳಿಕೊಳ್ಳಬಹುದು. ಬೇಕೆಂದಾಗ ಬಿಗಿಹಿಡಿಯಬಲ್ಲೆ, ದೀಪ ಊದಬಲ್ಲೆ, ಹಾಡಿನ ಸಾಲಿಗೆ ತಕ್ಕಂತೆ ಎಳೆಯಬಲ್ಲೆ. ನಿದ್ದೆಗೆ ಜಾರಿದ ಮೇಲೆ ಆ ‘ನಾನು’ ಎಲ್ಲಿರುತ್ತಾನೋ ಅವನಿಗೇ ಗೊತ್ತಿಲ್ಲ. ಆದರೂ ಉಸಿರು ನಿಲ್ಲುವುದಿಲ್ಲ. ಹಾಗಾದರೆ ರಾತ್ರಿಯೆಲ್ಲ ಎದೆಯನ್ನು ಏರಿಸಿ ಇಳಿಸುವವರು ಯಾರು?

ಈ ಪ್ರಶ್ನೆ ವೇದಾಂತಿಗಳ ಪಡಸಾಲೆಯಲ್ಲಿ ಮಾತ್ರ ಹುಟ್ಟುವುದಿಲ್ಲ. ನವಜಾತ ಶಿಶುಗಳ ತೀವ್ರನಿಗಾ ಘಟಕದಲ್ಲೂ ಹುಟ್ಟುತ್ತದೆ. ತುಂಬು ತಿಂಗಳಿಗೆ ಹುಟ್ಟಿದ ಮಗು. ತೂಕ ಸರಿಯಿದೆ, ಹೃದಯ ಸರಿಯಿದೆ, ಎಕ್ಸ್‌ರೇಯಲ್ಲಿ ಶ್ವಾಸಕೋಶ ತಿಳಿಯಾಗಿದೆ. ಎಚ್ಚರವಿದ್ದಾಗ ಅಳುತ್ತದೆ, ಮೈ ಕೆಂಪಗಿದೆ. ಕಣ್ಣು ಮುಚ್ಚಿ ನಿದ್ದೆ ಹತ್ತಿತೆಂದರೆ ಉಸಿರು ತೆಳುವಾಗುತ್ತದೆ, ತುಟಿ ನೀಲಿಗಟ್ಟುತ್ತದೆ. ಮಗು ಒದ್ದಾಡುವುದಿಲ್ಲ, ಏದುಸಿರು ಬಿಡುವುದಿಲ್ಲ, ಬೆಚ್ಚಿ ಏಳುವುದೂ ಇಲ್ಲ. ನೋಡುವವರಿಗೆ ಹಾಯಾಗಿ ಮಲಗಿದಂತೆಯೇ ಕಾಣುತ್ತದೆ. ಪಕ್ಕದ ಮಾನಿಟರ್ ಕೂಗಿಕೊಳ್ಳದಿದ್ದರೆ ಯಾರಿಗೂ ತಿಳಿಯದು. ವೆಂಟಿಲೇಟರ್ ಹಚ್ಚಿದರೆ ಕೆಂಪಾಗುತ್ತದೆ, ತೆಗೆದು ಮಲಗಿಸಿದರೆ ಮತ್ತೆ ನೀಲಿ. ಇದರ ಹೆಸರು ಕಂಜೆನೈಟಲ್ ಸೆಂಟ್ರಲ್ ಹೈಪೊವೆಂಟಿಲೇಶನ್ ಸಿಂಡ್ರೋಮ್, ಚಿಕ್ಕದಾಗಿ ಸಿಸಿಎಚ್‌ಎಸ್. ಫ್ರಾನ್ಸಿನಲ್ಲಿ ಹಾಕಿದ ಅಂದಾಜಿನ ಪ್ರಕಾರ ಎರಡು ಲಕ್ಷ ಹೆರಿಗೆಗೆ ಒಂದು ಮಗುವಿಗೆ ಇದು ಬರುತ್ತದೆ. ಶ್ವಾಸಕೋಶದಲ್ಲಿ ದೋಷವಿಲ್ಲ, ಎದೆಗೂಡಿನಲ್ಲಿ ದೋಷವಿಲ್ಲ. ಉಸಿರಾಡು ಎಂದು ಒಳಗಿನಿಂದ ಹೇಳಬೇಕಾದವರು ಮಾತ್ರ ಹೇಳುತ್ತಿಲ್ಲ.

ಹೇಳಬೇಕಾದವರು ಯಾರು ಎಂದು ವಿಜ್ಞಾನ ಒಂದು ಶತಮಾನಕ್ಕೂ ಹೆಚ್ಚು ಕಾಲ ಹುಡುಕಿದೆ. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಗಾಳಿಯಾಡದ ಪೆಟ್ಟಿಗೆಯೊಳಗೆ ತಾನೇ ಕೂತು, ಉಸಿರು ಕಟ್ಟಿಕೊಂಡು ಬರುವುದು ಯಾವುದರಿಂದ ಎಂದು ತನ್ನ ಮೇಲೇ ಪ್ರಯೋಗ ಮಾಡಿಕೊಂಡ ಮನುಷ್ಯ. ಅವರೂ ಅವರ ಸಂಗಡಿಗ ಪ್ರೀಸ್ಟ್‌ಲಿಯೂ 1905ರಲ್ಲಿ ತೋರಿಸಿಕೊಟ್ಟದ್ದು ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದ ಸಂಗತಿ: ನಮ್ಮನ್ನು ಉಸಿರಾಡಿಸುವುದು ಆಮ್ಲಜನಕದ ಹಸಿವಲ್ಲ, ಮುಖ್ಯವಾಗಿ ಇಂಗಾಲದ ಡೈಆಕ್ಸೈಡಿನ ಭಾರ. ಒಳಗೆ ಬರಬೇಕಾದದ್ದು ಬಂತೇ ಎಂಬುದಕ್ಕಿಂತ ಹೊರಗೆ ಹೋಗಬೇಕಾದದ್ದು ಹೋಯಿತೇ ಎಂಬುದರ ಮೇಲೆ ದೇಹದ ಕಣ್ಣು. ರಕ್ತದಲ್ಲಿ ಆ ಅನಿಲ ಒಂದಿಷ್ಟು ಹೆಚ್ಚಿದರೂ ಉಸಿರು ಆಳವಾಗುತ್ತದೆ, ತಗ್ಗಿದರೆ ಹಗುರಾಗುತ್ತದೆ.

ಈ ಅಳತೆ ನೋಡುವ ಜಾಗ ಮೆದುಳುಕಾಂಡದ ಕೆಳಭಾಗದಲ್ಲಿ, ಮೆಡುಲಾದ ಮೇಲ್ಮೈಗೆ ಹತ್ತಿಕೊಂಡ ಪುಟ್ಟ ನರಕೋಶಗಳ ಗುಂಪಿನಲ್ಲಿದೆ. ಹಳೆಯ ಮೈಸೂರು ಸೀಮೆಯ ಕೆರೆಬಯಲಿನಲ್ಲಿ ನೀರುಗಂಟಿ ಎಂಬವನಿರುತ್ತಿದ್ದ. ಊರೆಲ್ಲ ಮಲಗಿದ ಮೇಲೆ ತೂಬು ಎಷ್ಟು ತೆರೆಯಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಬೆಳಗ್ಗೆ ಗದ್ದೆ ತಣಿದಿದ್ದರೆ ಯಾರಿಗೂ ಅವನ ನೆನಪಾಗುತ್ತಿರಲಿಲ್ಲ. ಒಣಗಿದ್ದರೆ ಮಾತ್ರ ಹುಡುಕುತ್ತಿದ್ದರು. ಈ ಕೋಶಗಳದ್ದೂ ಅದೇ ಬಾಳು. ಇವುಗಳ ಮಾತು ಕೇಳಿ ಉಸಿರಿನ ತಾಳ ಹಾಕುವ ಇನ್ನೊಂದು ಗುಂಪು ಹತ್ತಿರದಲ್ಲೇ ಇದೆ. ಅದನ್ನು 1991ರಲ್ಲಿ ಗುರುತಿಸಿದವರು ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು. ಹೆಸರು ಪ್ರಿ-ಬೊಟ್ಸಿಂಗರ್ ಕಾಂಪ್ಲೆಕ್ಸ್. ಬೊಟ್ಸಿಂಗರ್ ಯಾವ ಮಹಾಪಂಡಿತನೋ ಎಂದುಕೊಳ್ಳಬೇಡಿ. ಜರ್ಮನಿಯ ಸಭೆಯೊಂದರಲ್ಲಿ ಊಟದ ಮೇಜಿನ ಮೇಲಿದ್ದ ವೈನ್ ಬಾಟಲಿಯ ಹೆಸರದು. ಹುಟ್ಟಿದ ಗಳಿಗೆಯಿಂದ ಕೊನೆಯ ಗಳಿಗೆಯವರೆಗೆ ಒಂದು ದಿನವೂ ರಜೆ ಪಡೆಯದ ಕೆಲವೇ ಸಾವಿರ ಕೋಶಗಳಿಗೆ ಮನುಷ್ಯ ಹೀಗೆ ಹೆಸರಿಟ್ಟ. ಪ್ರಾಣದ ಬಗ್ಗೆ ನಾವು ಇಷ್ಟು ಗಂಭೀರವಾಗಿ ಮಾತಾಡುತ್ತೇವಲ್ಲ, ಅದರ ತಾಳಗಾರನ ಹೆಸರಿನ ಹಿಂದೆ ಇಂಥ ಒಂದು ತಮಾಷೆಯೂ ಇರಲಿ.

ಸುಮಾರು ಐದು ನಿಮಿಷಕ್ಕೊಮ್ಮೆ ನಾವೆಲ್ಲ ಒಂದು ದೊಡ್ಡ ಉಸಿರು ಎಳೆಯುತ್ತೇವೆ. ಅದಕ್ಕೆ ದುಃಖವೇ ಬೇಕೆಂದಿಲ್ಲ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೆಲವು ಮೆಲ್ಲಗೆ ಕುಸಿಯುತ್ತಿರುತ್ತವೆ. ಅವನ್ನು ಮತ್ತೆ ಉಬ್ಬಿಸಲು ಮೆದುಳು ತಾನಾಗಿ ಹಾಕಿಸುವ ಉಸಿರು ಅದು. ಅದರ ಹಿಂದೆಯೂ ಇದೇ ತಾಳದ ಗುಂಪು ಇದೆಯೆಂದು 2016ರಲ್ಲಿ ತಿಳಿದುಬಂತು. ನಾವು ವಿರಹಕ್ಕೆ, ಸಾಲಕ್ಕೆ, ಮಗಳ ಮದುವೆಯ ಚಿಂತೆಗೆ ಮೀಸಲು ಎಂದುಕೊಂಡಿರುವ ನಿಟ್ಟುಸಿರನ್ನು ದೇಹ ಯಾವ ಚಿಂತೆಯೂ ಇಲ್ಲದೆ ದಿನಕ್ಕೆ ಇನ್ನೂರು ಸಲಕ್ಕಿಂತ ಹೆಚ್ಚು ಬಿಡಿಸುತ್ತದೆ.

ಎಚ್ಚರದ ಉಸಿರಿಗೂ ನಿದ್ದೆಯ ಉಸಿರಿಗೂ ಮೆದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ. ಹಾಡಲು, ಊದಲು, ಬಿಗಿಹಿಡಿಯಲು ಆಜ್ಞೆ ಬರುವುದು ಮೇಲಿನ ಮೆದುಳಿನಿಂದ. ತಾನಾಗಿ ನಡೆಯುವ ಉಸಿರಿನ ಆಜ್ಞೆ ಬರುವುದು ಮೆಡುಲಾದಿಂದ. ಮೆದುಳುಕಾಂಡದ ಮೇಲ್ಭಾಗಕ್ಕೆ ಪೆಟ್ಟಾಗಿ ಕಣ್ಣಿನ ಚಲನೆಯೊಂದನ್ನು ಬಿಟ್ಟು ಉಳಿದೆಲ್ಲ ಸ್ತಬ್ಧವಾದ ಕೆಲವು ರೋಗಿಗಳು ಒಂದೇ ಒಂದು ಉಸಿರನ್ನೂ ಬೇಕೆಂದು ಹಿಡಿಯಲಾರರು. ಆದರೆ ಅವರ ಉಸಿರಾಟ ಗಡಿಯಾರದಂತೆ ಸಾಗುತ್ತದೆ, ನಗು ಬಂದರೆ ಆ ನಗುವಿಗೆ ತಕ್ಕಂತೆ ಎದೆ ಕುಲುಕುತ್ತದೆ. ಸಿಸಿಎಚ್‌ಎಸ್ ಮಗುವಿನದು ಇದಕ್ಕೆ ತದ್ವಿರುದ್ಧ. ಅದು ಅಳಬಲ್ಲದು, ಮುಂದೆ ಮಾತಾಡಬಲ್ಲದು, ಹಾಡಬಲ್ಲದು. ಮಲಗಿದಾಗ ಮಾತ್ರ ಕಾಯುವವರಿಲ್ಲ. ಒಂದೇ ದೇಹದಲ್ಲಿ ಒಂದೇ ಉಸಿರಿಗೆ ಇಬ್ಬರು ಯಜಮಾನರು ಇದ್ದಾರೆಂದು ಈ ಎರಡು ಬಗೆಯ ರೋಗಿಗಳಿಂದಲೇ ಸ್ಪಷ್ಟವಾಯಿತು.

ಉಪನಿಷತ್ತಿನ ಕಥೆಯೊಂದು ಇಲ್ಲಿ ನೆನಪಾಗುತ್ತದೆ. ಮಾತು, ಕಣ್ಣು, ಕಿವಿ, ಮನಸ್ಸು, ಪ್ರಾಣ ತಮ್ಮೊಳಗೆ ಯಾರು ಹೆಚ್ಚೆಂದು ಜಗಳ ತೆಗೆದವು. ಒಂದೊಂದಾಗಿ ಒಂದೊಂದು ವರ್ಷ ದೇಹ ಬಿಟ್ಟು ಹೋಗಿ ಬಂದವು. ಮಾತು ಹೋದರೂ ದೇಹ ಬದುಕಿತು, ಕಣ್ಣು ಹೋದರೂ ಬದುಕಿತು. ಪ್ರಾಣ ಹೊರಡಲು ಎದ್ದಾಗ ಉಳಿದವೆಲ್ಲ ಬುಡಸಮೇತ ಕಿತ್ತು ಬರುವಂತಾಯಿತು. ಎಲ್ಲವೂ ಸೋತು ಕೈಮುಗಿದವು. ಛಾಂದೋಗ್ಯವೂ ಬೃಹದಾರಣ್ಯಕವೂ ಹೇಳುವ ಈ ಕಥೆಯಲ್ಲಿ ಪ್ರಾಣ ಒಂದು ಕ್ಷಣ ಹೊರಟಂತೆ ಮಾಡುತ್ತದೆ, ಅಷ್ಟೇ. ಈ ಮಕ್ಕಳಲ್ಲಿ ಅದು ರಾತ್ರಿ ರಾತ್ರಿಯೂ ಹೊರಟು ನಿಲ್ಲುತ್ತದೆ. ಕಥೆಯ ಇಂದ್ರಿಯಗಳಿಗೆ ಪ್ರಾಣ ಏಳುತ್ತಿರುವುದು ಗೊತ್ತಾಯಿತು. ಈ ಮಗುವಿಗೆ ಅದೂ ಗೊತ್ತಾಗುವುದಿಲ್ಲ. ಉಸಿರು ಕಟ್ಟಿತು ಎಂಬ ಸಂಕಟವೇ ಅದಕ್ಕೆ ಅಪರಿಚಿತ. ದೊಡ್ಡವರಾದ ಮೇಲೂ ಇವರು ಓಡಿದರೆ ನಮ್ಮಂತೆ ಏದುವುದಿಲ್ಲ; ನೀರಿನಲ್ಲಿ ಮುಳುಗಿದರೆ ಮೇಲೆ ಬರಬೇಕೆಂಬ ತವಕ ಹುಟ್ಟುವುದಿಲ್ಲ. ಗೆಳೆಯರ ಎದುರು ಈಜುಕೊಳದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮುಳುಗಿರುವ ಪಂದ್ಯ ಗೆಲ್ಲುವುದು ಇವರಿಗೆ ಸುಲಭ, ಆ ಗೆಲುವೇ ಪ್ರಾಣಕ್ಕೆ ಕುತ್ತು. ನ್ಯುಮೋನಿಯಾ ಬಂದರೂ ಎದೆ ಹಾರುವುದಿಲ್ಲ. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದು ಈಗ ಡ್ರಾಯರಿನಲ್ಲಿ ಬಿದ್ದಿರುವ ಬೆರಳಿನ ಆಕ್ಸಿಮೀಟರ್ ಇವರ ಮನೆಯಲ್ಲಿ ಎಂದೂ ಮೂಲೆ ಸೇರುವುದಿಲ್ಲ.

ಉಸಿರು ಕಟ್ಟುವ ಸಂಕಟವನ್ನು ನಾವು ಶತ್ರುವೆಂದೇ ತಿಳಿದಿದ್ದೆವು. ಅದು ಎಷ್ಟು ದೊಡ್ಡ ನೆಂಟ ಎಂಬುದು ಅದು ಇಲ್ಲದವರನ್ನು ಕಂಡಾಗ ತಿಳಿಯುತ್ತದೆ.

ಇಂಥ ಸ್ಥಿತಿಗೆ ಮೊದಲು ಹೆಸರಿಟ್ಟವರು ಸ್ಯಾನ್‌ಫ್ರಾನ್ಸಿಸ್ಕೋದ ವೈದ್ಯರಾದ ಜಾನ್ ಸೆವೆರಿಂಗ್‌ಹೌಸ್ ಮತ್ತು ರಾಬರ್ಟ್ ಮಿಚೆಲ್, 1962ರಲ್ಲಿ. ಅವರ ಮುಂದಿದ್ದವರು ಶಿಶುಗಳಲ್ಲ, ಕುತ್ತಿಗೆಯ ಮೇಲ್ಭಾಗದಲ್ಲಿ ಶಸ್ತ್ರಚಿಕಿತ್ಸೆಯಾದ ಮೂವರು ದೊಡ್ಡವರು. ಉಸಿರಾಡಿ ಎಂದರೆ ಆಡುತ್ತಿದ್ದರು, ಹೇಳುವುದು ಬಿಟ್ಟರೆ ಮರೆತುಬಿಡುತ್ತಿದ್ದರು. ಫ್ರಾನ್ಸಿನ ಜ್ಯಾಂ ಜಿರೊಡು ಬರೆದ ‘ಒಂಡೀನ್’ ನಾಟಕ ವೈದ್ಯರಿಗೆ ನೆನಪಾಯಿತು. ಜಲಕನ್ಯೆಯನ್ನು ಮದುವೆಯಾಗಿ ಮೋಸ ಮಾಡಿದ ಯೋಧನಿಗೆ ಅಲ್ಲಿ ಬರುವ ಗತಿ ಇದು: ದೇಹದ ತಾನಾಗಿ ನಡೆಯುವ ಕೆಲಸಗಳೆಲ್ಲ ನಿಂತು, ನೋಡುವುದನ್ನೂ ಕೇಳುವುದನ್ನೂ ಉಸಿರಾಡುವುದನ್ನೂ ನೆನೆದು ನೆನೆದು ಮಾಡಬೇಕು. ಮರೆತ ಗಳಿಗೆಯೇ ಸಾವು. ಹಾಗಾಗಿ ‘ಒಂಡೀನ್ ಶಾಪ’ ಎಂಬ ಹೆಸರು ವೈದ್ಯಪುಸ್ತಕ ಸೇರಿತು. ಹುಟ್ಟಿನಿಂದಲೇ ಈ ತೊಂದರೆಯಿದ್ದ ಶಿಶುವಿನ ವರದಿ ಬಂದದ್ದು 1970ರಲ್ಲಿ; ಆ ಮಗುವಿಗೂ ಅದೇ ಹೆಸರು ಅಂಟಿಕೊಂಡಿತು.

ಕಥೆಯೇನೋ ಸೊಗಸಾಗಿದೆ. ಆದರೆ ಶಾಪಕ್ಕೆ ಒಂದು ತಪ್ಪು ಬೇಕು. ನಮ್ಮ ಪುರಾಣ, ಕಾವ್ಯಗಳಲ್ಲೂ ಶಕುಂತಲೆ ಅತಿಥಿಯನ್ನು ಗಮನಿಸಲಿಲ್ಲ, ಅಹಲ್ಯೆಯ ಮೇಲೆ ಆರೋಪವಿತ್ತು. ಒಂದು ದಿನದ ಕೂಸು ಯಾರಿಗೆ ಮೋಸ ಮಾಡಿತ್ತು? ಕೂಸಿನಲ್ಲಿ ತಪ್ಪು ಸಿಗದಿದ್ದಾಗ ನಮ್ಮ ಜನ ತಾಯಿಯಲ್ಲಿ ಹುಡುಕುತ್ತಾರೆ. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳಂತೆ, ತಿನ್ನಬಾರದ್ದು ತಿಂದಳಂತೆ, ಯಾವುದೋ ಹರಕೆ ಬಾಕಿಯಿತ್ತಂತೆ. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಆಡುವ ಇಂಥ ಪಿಸುಮಾತುಗಳು ನವಜಾತ ಶಿಶುವಿನ ಯಾವ ಕಾಯಿಲೆಯನ್ನೂ ಬಿಟ್ಟಿಲ್ಲ.

2003ರಲ್ಲಿ ಪ್ಯಾರಿಸ್ಸಿನ ತಳಿವಿಜ್ಞಾನಿಗಳು ಈ ಮಾತುಗಳಿಗೆಲ್ಲ ಉತ್ತರ ಕೊಟ್ಟರು. ಜ್ಯಾನ್ ಆಮಿಯೆಲ್ ಮತ್ತು ಸಂಗಡಿಗರು ಕಂಡುಹಿಡಿದದ್ದು ನಾಲ್ಕನೆಯ ವರ್ಣತಂತುವಿನ ಮೇಲಿರುವ ಫಾಕ್ಸ್‌ಟುಬಿ ಎಂಬ ಜೀನ್‌ನಲ್ಲಿ ಒಂದು ಸಣ್ಣ ಹೆಚ್ಚುವರಿ. ಆ ಜೀನ್ ತಯಾರಿಸುವ ಪ್ರೋಟೀನಿನಲ್ಲಿ ಅಲನಿನ್ ಎಂಬ ಅಮೈನೋ ಆಮ್ಲ ಒಂದು ಕಡೆ ಸಾಲಾಗಿ 20 ಸಲ ಬರುತ್ತದೆ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು 24ರಿಂದ 33 ಸಲ ಬರುತ್ತದೆ. ಸಾಮಾನ್ಯವಾಗಿ 25, 26 ಅಥವಾ 27. ಒಂದೊಂದು ಅಲನಿನ್‌ಗೆ ಡಿಎನ್‌ಎಯಲ್ಲಿ ಮೂರು ಅಕ್ಷರ. ಅಂದರೆ 300 ಕೋಟಿ ಅಕ್ಷರಗಳ ಗ್ರಂಥದಲ್ಲಿ ಒಂದು ಸಾಲಿನಲ್ಲಿ ಹದಿನೈದೋ ಹದಿನೆಂಟೋ ಅಕ್ಷರ ಹೆಚ್ಚಾಗಿದೆ. ಗರ್ಭದಲ್ಲಿ ನರಮಂಡಲ ಕಟ್ಟುವಾಗ ಆ ಸಾಲನ್ನು ಓದಿಕೊಂಡು ಬೆಳೆಯಬೇಕಿದ್ದ ಕೋಶಗಳು ಸರಿಯಾಗಿ ಬೆಳೆಯುವುದಿಲ್ಲ. ಇಲಿಗಳಲ್ಲಿ ಇದೇ ಬದಲಾವಣೆ ಮಾಡಿ ನೋಡಿದಾಗ ಮೆಡುಲಾದ ಆ ಕಾವಲು ಕೋಶಗಳೇ ಕಾಣೆಯಾಗಿದ್ದವು. ಇದೇ ಜೀನ್ ಕರುಳಿನ ನರಗಳಿಗೂ ಬೇಕು, ಹಾಗಾಗಿ ಐದರಲ್ಲಿ ಒಂದು ಮಗುವಿಗೆ ಕರುಳಿನ ಚಲನೆಯ ತೊಂದರೆಯೂ ಜತೆಗೇ ಬರುತ್ತದೆ.

ಈ ಹೆಚ್ಚುವರಿ ಬಹುಪಾಲು ಮಕ್ಕಳಲ್ಲಿ ಹೊಸದಾಗಿ ಹುಟ್ಟಿಕೊಂಡದ್ದು. ತಂದೆತಾಯಿಯಲ್ಲಿ ಇರುವುದೇ ಇಲ್ಲ. ಸ್ವಲ್ಪ ಮಂದಿಯಲ್ಲಿ ಮಾತ್ರ ತಾಯಿಯದೋ ತಂದೆಯದೋ ಕೆಲವು ಕೋಶಗಳಲ್ಲಿ ಅವರಿಗೇ ತಿಳಿಯದಂತೆ ಕೂತಿರುತ್ತದೆ. ಗ್ರಹಣವಿಲ್ಲ, ಹರಕೆಯಿಲ್ಲ, ಪಥ್ಯವಿಲ್ಲ. ಕೋಟಿಗಟ್ಟಲೆ ಅಕ್ಷರಗಳನ್ನು ಒಂದು ಕೋಶದಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರ ಒಂದು ಕಡೆ ಎಡವಿತು. ನಮ್ಮಲ್ಲಿ ಉಳಿದವರ ವಿಷಯದಲ್ಲಿ ಆ ಸಾಲಿನಲ್ಲಿ ಎಡವಲಿಲ್ಲ. ಇದರಲ್ಲಿ ನಮ್ಮ ಪುಣ್ಯವೂ ಇಲ್ಲ, ಅವರ ಪಾಪವೂ ಇಲ್ಲ.

ಗರ್ಭದಲ್ಲಿ ಹತ್ತು ಹನ್ನೊಂದು ವಾರವಾಗುವ ಹೊತ್ತಿಗೆ ಪಿಂಡ ಉಸಿರಾಟದ ಅಭ್ಯಾಸ ಆರಂಭಿಸುತ್ತದೆ. ಗಾಳಿಯಿಲ್ಲ, ಸುತ್ತ ನೀರೇ ನೀರು; ಆ ನೀರನ್ನೇ ಒಳಗೆಳೆದು ಹೊರಬಿಡುವ ಚಲನೆ. ತಿಂಗಳುಗಟ್ಟಲೆ ಒಂದು ಗುಟುಕು ಗಾಳಿಯೂ ಸಿಗದೆ ತಾಲೀಮು ನಡೆಯುತ್ತದೆ. ಆಮೇಲೆ ಹುಟ್ಟಿದ ಗಳಿಗೆಯಲ್ಲಿ ಎಲ್ಲ ಒಮ್ಮೆಗೇ ನಿಜವಾಗುತ್ತದೆ. ನೀರು ತುಂಬಿದ್ದ ಶ್ವಾಸಕೋಶಕ್ಕೆ ಗಾಳಿ ನುಗ್ಗುತ್ತದೆ, ಹೃದಯದೊಳಗಿನ ಕಿಂಡಿ ಮುಚ್ಚಿಕೊಳ್ಳುತ್ತದೆ, ರಕ್ತ ಹೊಸ ದಾರಿ ಹಿಡಿಯುತ್ತದೆ. ಒಂಬತ್ತು ತಿಂಗಳು ಇನ್ನೊಬ್ಬರ ಉಸಿರಿನಲ್ಲಿ ಬದುಕಿದ ಜೀವ ಸ್ವಂತ ಉಸಿರಿಗೆ ಬರುತ್ತದೆ. ಇದನ್ನು ನೋಡಿ ಬೆರಗಾಗದವರಿಲ್ಲ. ಸಿಸಿಎಚ್‌ಎಸ್ ಮಗುವಿಗೆ ಈ ದಾಟುವಿಕೆ ಅರ್ಧಕ್ಕೆ ನಿಂತಿದೆ. ಹಗಲು ಸಾಮಾನ್ಯವಾಗಿ ಅದರದೇ ಉಸಿರು. ರಾತ್ರಿಗೆ ಮಾತ್ರ ಅದು ಇನ್ನೂ ಇನ್ನೊಬ್ಬರ ಉಸಿರಿನಲ್ಲೇ ಇರಬೇಕು.

ಆ ಇನ್ನೊಬ್ಬರಾಗಿ ಈಗ ಯಂತ್ರಗಳಿವೆ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಗಂಟಲಲ್ಲಿ ರಂಧ್ರ ಮಾಡಿ ಕೊಳವೆ ಇಟ್ಟು ವೆಂಟಿಲೇಟರ್ ಜೋಡಿಸುತ್ತಾರೆ. ಬೆಳೆದ ಮೇಲೆ ಎಷ್ಟೋ ಮಂದಿ ಮುಖಕ್ಕೆ ಮಾಸ್ಕ್ ಹಾಕಿ ಮಲಗುತ್ತಾರೆ. ಹಗಲೂ ಆಸರೆ ಬೇಕಾದವರಿಗೆ ವಪೆಯ ನರವನ್ನು ವಿದ್ಯುತ್ತಿನಿಂದ ಮಿಡಿಸುವ ಸಾಧನವಿದೆ. ಅಮೆರಿಕದ ಯೇಲ್‌ನಲ್ಲಿ ವಿಲಿಯಂ ಗ್ಲೆನ್ 1960ರ ದಶಕದಲ್ಲಿ ರೂಪಿಸತೊಡಗಿದ ವಿಧಾನ ಅದು. ಚರ್ಮದ ಕೆಳಗೆ ಪುಟ್ಟ ರಿಸೀವರ್, ಮೇಲೆ ಆಂಟೆನಾ. ರೇಡಿಯೋ ಸಂಕೇತ ಬಂದಾಗಲೆಲ್ಲ ಒಂದು ಉಸಿರು. ಇಷ್ಟೆಲ್ಲ ಕಟ್ಟಿಕೊಂಡು ಈ ಮಕ್ಕಳು ಶಾಲೆಗೆ ಹೋಗಿದ್ದಾರೆ, ಓದಿದ್ದಾರೆ, ಕೆಲಸ ಹಿಡಿದಿದ್ದಾರೆ, ತಾಯಂದಿರಾದವರೂ ಇದ್ದಾರೆ. ಅವರ ಮಕ್ಕಳಿಗೆ ಈ ಜೀನ್ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅದು ತಿಳಿದೇ ಹೆತ್ತವರಿದ್ದಾರೆ.

ಲಾಲಿ ಹಾಡುವ ಉದ್ದೇಶ ಕೂಸು ಮಲಗಲಿ ಎಂಬುದು. ಕೂಸು ಮಲಗಿದರೆ ತಾಯಿಗೆ ಬಿಡುವು, ಮನೆಗೆ ಬಿಡುವು. ನಮ್ಮ ಜೋಗುಳಗಳೆಲ್ಲ ಆ ಆಸೆಯ ಮೇಲೆ ನಿಂತಿವೆ. ಈ ಮನೆಗಳಲ್ಲಿ ಲಾಲಿ ತಿರುಗುಮುರುಗು. ಕಾರಿನಲ್ಲಿ ಕೂಸಿನ ರೆಪ್ಪೆ ಜೋಲಿದರೆ ಅಪ್ಪ ಗಾಡಿ ನಿಲ್ಲಿಸಬೇಕು. ಮಡಿಲಲ್ಲಿ ಹಾಗೇ ನಿದ್ದೆ ಹೋಯಿತೆಂದರೆ ಅಮ್ಮ ಮುದ್ದಿನಿಂದ ನೋಡುತ್ತ ಕೂರುವಂತಿಲ್ಲ, ಯಂತ್ರ ಜೋಡಿಸಬೇಕು. ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ಬರುತ್ತದೆಂದು ಮನೆಯ ಎಲ್ಲರಿಗೂ ಗೊತ್ತಿರಬೇಕು. ಮೆಡುಲಾದ ಕೋಶಗಳು ಮಾಡಬೇಕಿದ್ದ ರಾತ್ರಿಪಾಳಿಯನ್ನು ಇಲ್ಲಿ ಅಪ್ಪ, ಅಮ್ಮ, ಅಜ್ಜಿ, ನರ್ಸ್, ಮಾನಿಟರ್ ಸೇರಿ ಹಂಚಿಕೊಂಡಿದ್ದಾರೆ. ‘ನಿದ್ದೆಯಲ್ಲಿ ಉಸಿರಾಡುವವರು ಯಾರು?’ ಎಂಬ ಪ್ರಶ್ನೆಗೆ ಈ ಮನೆಗಳಲ್ಲಿ ಹೆಸರು ಹಿಡಿದು ಉತ್ತರ ಹೇಳಬಹುದು.

ಇಂಥ ಕಾಯಿಲೆಯ ಬಗ್ಗೆ ಓದಿದ ಕೂಡಲೇ ನಮ್ಮ ಉಸಿರನ್ನು ನೆನೆದು, ನಾವೆಷ್ಟು ಭಾಗ್ಯವಂತರು ಎಂದು ಕೃತಜ್ಞರಾಗುವುದು ಸುಲಭ. ಆ ಕೃತಜ್ಞತೆಯಲ್ಲಿ ತಪ್ಪಿಲ್ಲ, ಆದರೆ ಅಲ್ಲಿಗೇ ನಿಂತರೆ ಅದು ಅಗ್ಗದ ಬೆರಗು. ನಮಗೆ ಪಾಠ ಹೇಳಲೆಂದು ಯಾವ ಮಗುವೂ ನೀಲಿಗಟ್ಟಿ ಹುಟ್ಟುವುದಿಲ್ಲ. ಅದಕ್ಕೆ ಅದರದೇ ಬಾಳಿದೆ, ಹಟವಿದೆ, ಹೋಮ್‌ವರ್ಕ್ ಇದೆ. ನನ್ನನ್ನು ಬೆರಗಾಗಿಸುವುದು, ಕೋಶಗಳು ಬಿಟ್ಟ ಕೆಲಸವನ್ನು ಮನುಷ್ಯರು ಎತ್ತಿಕೊಂಡರು ಎಂಬುದು. ಪೆಟ್ಟಿಗೆಯೊಳಗೆ ಕೂತ ಹಾಲ್ಡೇನ್‌ನಿಂದ ಹಿಡಿದು ಬೆಳಗಿನ ಜಾವ ಮೂರು ಗಂಟೆಗೆ ಕೊಳವೆಯ ಕಫ ತೆಗೆಯುವ ಅಜ್ಜಿಯವರೆಗೆ ಎಷ್ಟೋ ಜನ ಸೇರಿ ಒಂದು ಮಗುವಿನ ಅಜಪಾ ಜಪವನ್ನು ಎಣಿಸಿ ಎಣಿಸಿ ಮಾಡಿಸುತ್ತಿದ್ದಾರೆ. ತಾನಾಗಿ ನಡೆಯುವ ಉಸಿರಿಗಿಂತ ಈ ಉಸಿರು ದೊಡ್ಡದೆಂದೇ ನನಗೆ ತೋರುತ್ತದೆ.

ಆದ್ದರಿಂದ ಬೆರಗಿನ ಜತೆಗೆ ಕೆಲವು ಕೆಲಸಗಳೂ ನಮ್ಮ ಪಾಲಿಗಿವೆ. ನೆರೆಮನೆಯಲ್ಲಿ ಯಂತ್ರದ ಆಸರೆಯ ಮಗುವಿದ್ದರೆ ಕರೆಂಟ್ ಹೋದ ರಾತ್ರಿ ಬಾಗಿಲು ಬಡಿದು ವಿಚಾರಿಸಿ. ಅದರ ತಾಯಿಯ ಮುಂದೆ ಗ್ರಹಣ, ಕರ್ಮ, ಶಾಪಗಳ ಮಾತು ತೆಗೆಯಬೇಡಿ. ಅಪರೂಪದ ಕಾಯಿಲೆಗಳಿಗೆಂದು 2021ರ ರಾಷ್ಟ್ರೀಯ ನೀತಿ ಇದೆ. ಅದರಡಿ ಗುರುತಿಸಿದ ಕೇಂದ್ರ ಬೆಂಗಳೂರಿನಲ್ಲೂ ಇದೆ ಎಂಬುದನ್ನು ತಿಳಿದಿರಿ. ಎಚ್ಚರದಲ್ಲಿ ಕೆಂಪಗಿದ್ದು ನಿದ್ದೆಯಲ್ಲಿ ನೀಲಿಗಟ್ಟುವ, ಹೃದಯ ಮತ್ತು ಶ್ವಾಸಕೋಶ ಸರಿಯಿರುವ ನವಜಾತ ಶಿಶುವನ್ನು ಕಂಡರೆ ಈ ಕಾಯಿಲೆ ಇರಬಹುದೇ ಎಂದು ವೈದ್ಯರನ್ನು ಕೇಳಿ. ರಕ್ತದಿಂದ ಮಾಡುವ ಒಂದು ಜೀನ್ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಗೊತ್ತಾದರೆ ಮಗುವನ್ನು ಬದುಕಿಸಿ ಬೆಳೆಸುವ ದಾರಿಯಿದೆ.